ಸುಣ್ಣಕಲ್ಲಿನ ಓರೆಯಲ್ಲಿ ನಿಂಬೆ ಚಿಗುರು ಹಳದಿ, ಗೊಬ್ಬರ ಹಾಕಿದರೂ ತಿರುಗುತ್ತಿಲ್ಲ

ಸಂಡೂರು_ಓರೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಸಂಡೂರು ತಾಲ್ಲೂಕು. ಗುಡ್ಡದ ಮಗ್ಗುಲಲ್ಲಿ ಎರಡು ಎಕರೆ ಓರೆ ಜಾಗ ಇದೆ, ಅದರ ಮೇಲ್ಗಡೆ ಕುರುಚಲು ಕಾಡು. ಸಂಡೂರು ಅಂದ ಕೂಡಲೇ ಎಲ್ಲರೂ ಕೆಂಪು ಅದಿರಿನ ಮಣ್ಣು ಅಂದುಕೊಳ್ಳುತ್ತಾರೆ. ನಮ್ಮ ಜಾಗ ಹಾಗಿಲ್ಲ. ಬೂದು ಬಣ್ಣದ ಸುಣ್ಣಕಲ್ಲಿನ ಪಟ್ಟಿಯೊಂದು ಅಡ್ಡಕ್ಕೆ ಹಾದುಹೋಗಿದೆ. ಮಣ್ಣು ಕಂದು, ಪೂರ್ತಿ ಗರಸು. ಗುದ್ದಲಿ ಹಾಕಿದರೆ ಖಣ್ ಅನ್ನುತ್ತದೆ.

ಎರಡು ವರ್ಷದ ಹಿಂದೆ ನಿಂಬೆ 60, ಪೇರಲ 40, ಸೀತಾಫಲ 30 ಸಸಿ ಹಚ್ಚಿದ್ದೇವೆ. ಸೀತಾಫಲ ಚೆನ್ನಾಗಿದೆ. ನಿಂಬೆ, ಪೇರಲ ಎರಡರದ್ದೂ ಚಿಗುರು ಹಳದಿ. ಎಲೆಯ ನರ ಮಾತ್ರ ಹಸಿರು, ಬಲೆ ಬಿಡಿಸಿದ ಹಾಗೆ ಕಾಣುತ್ತದೆ. ಯೂರಿಯಾ ಕೊಟ್ಟೆ, ಡಿಎಪಿ ಕೊಟ್ಟೆ, ವಾರಕ್ಕೆ ಮೂರು ದಿನ ಡ್ರಿಪ್ ಬಿಟ್ಟೆ. ನೀರು ಜಾಸ್ತಿ ಬಿಟ್ಟಷ್ಟೂ ಹಳದಿ ಜಾಸ್ತಿ ಆಗುತ್ತಿದೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್ 8.3 ಇದೆ. ಕಬ್ಬಿಣದ ಎದುರು 'ಸಾಕಷ್ಟಿದೆ' ಅಂತ ಬರೆದಿದ್ದಾರೆ.

ನನಗೆ ಅರ್ಥ ಆಗದ್ದು ಒಂದೇ. ಬೇಲಿಯಿಂದ ಹತ್ತು ಹೆಜ್ಜೆ ಮೇಲೆ, ಅದೇ ಕಲ್ಲಿನ ಮೇಲೆ, ಕಕ್ಕೆ ಗಿಡ ಕಡು ಹಸಿರಾಗಿ ನಿಂತಿದೆ. ಅದಕ್ಕೆ ಯಾರೂ ಏನೂ ಹಾಕಿಲ್ಲ. ನಮ್ಮ ಸಸಿಗೆ ಮಾತ್ರ ಯಾಕೆ ಹೀಗೆ?

ಎರೆಹೊಲ_ಸಿಂಧನೂರು:

ಪಿಎಚ್ 8 ದಾಟಿದೆ ಅಂದ್ರೆ ಜಿಪ್ಸಂ ಹಾಕ್ರಿ ಅಣ್ಣಾ. ಕಾಲುವೆ ಕೆಳಗಿನ ನಮ್ಮ ಗದ್ದೆ ಸವಳಾಗಿತ್ತು. ಜಿಪ್ಸಂ ಹಾಕಿ, ನೀರು ನಿಲ್ಲಿಸಿ ಬಸಿದ ಮೇಲೆ ಭತ್ತ ಸುಧಾರಿಸಿತು.

ಮಣ್ಣುಬುಟ್ಟಿ_ರಾಯಚೂರು:

ಸಿಂಧನೂರಿನ ಅಣ್ಣನವರು ಹೇಳಿದ್ದು ಅವರ ಗದ್ದೆಗೆ ಸರಿ. ಆದರೆ ಈ ಗುಡ್ಡಕ್ಕೆ ಜಿಪ್ಸಂ ದಯವಿಟ್ಟು ಬೇಡ. ಕಾಲುವೆ ಕೆಳಗಿನ ಸವಳು ನೆಲದ ತೊಂದರೆ ಸೋಡಿಯಂ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಆ ಸೋಡಿಯಂ ಅನ್ನು ತಳ್ಳಿಹಾಕುತ್ತದೆ. ಅಂಥ ನೆಲದ ಪಿಎಚ್ ಸಾಮಾನ್ಯವಾಗಿ 8.5 ದಾಟಿರುತ್ತದೆ. ಇಲ್ಲಿರುವುದು ಸುಣ್ಣ, ಅಂದರೆ ಕ್ಯಾಲ್ಸಿಯಂ ಮೊದಲೇ ತುಂಬಿ ತುಳುಕುತ್ತಿದೆ. ಮತ್ತೆ ಕ್ಯಾಲ್ಸಿಯಂ ಸುರಿದು ಏನು ಪ್ರಯೋಜನ?

ಔಷಧಿ ಹೇಳುವ ಮೊದಲು ಮೂರು ಕೆಲಸ ಮಾಡಿ ನೋಡಿ. ಒಂದು, ಹಳದಿ ಮೊದಲು ಬಂದದ್ದು ಹೊಸ ಎಲೆಗೋ ಹಳೆ ಎಲೆಗೋ ಅಂತ ನೋಡಿ. ಎರಡು, ಗರಸನ್ನು ಕುಟ್ಟಿ ಪುಡಿ ಮಾಡಿ, ಅದರ ಮೇಲೆ ನಿಂಬೆರಸ ಹಿಂಡಿ. ಮೂರು, ಗುಡ್ಡದ ಮೇಲಿನ ಸಾಲು, ಕೆಳಗಿನ ಸಾಲು, ಕಾಡಿನ ಅಂಚು, ಈ ಮೂರು ಕಡೆಯಿಂದ ಹತ್ತತ್ತು ಲೋಟ ಒಣ ಮಣ್ಣು ತಂದು, ಹೆಂಟೆ ಒಡೆದು ರವೆ ಜರಡಿಯಲ್ಲಿ ಹಿಡಿಯಿರಿ. ಮೇಲೆ ಎಷ್ಟು ಲೋಟ ಹರಳು ಉಳಿಯಿತು ಅಂತ ಬರೆಯಿರಿ. ಕಾಡಿನಿಂದ ಅಷ್ಟು ಮಾತ್ರ ತನ್ನಿ, ಜಾಸ್ತಿ ಕೆದಕಬೇಡಿ.

ಸಂಡೂರು_ಓರೆ:

ಮಾಡಿದೆ ಮೇಡಂ. ಹಳದಿ ಇರುವುದು ತುದಿಯ ಹೊಸ ಎಲೆಯಲ್ಲಿ, ಕೆಳಗಿನ ಹಳೆ ಎಲೆ ಈಗಲೂ ಹಸಿರು. ಪುಡಿ ಮೇಲೆ ನಿಂಬೆರಸ ಬಿದ್ದ ಕೂಡಲೇ ಸಣ್ಣ ಸಣ್ಣ ಗುಳ್ಳೆ ಎದ್ದವು. ತಟ್ಟೆಯನ್ನು ಕಿವಿ ಹತ್ತಿರ ಹಿಡಿದರೆ ಚುರ್ರ್ ಅಂತ ಕೇಳುತ್ತದೆ. ಮಗಳು ಅದನ್ನೇ ನಾಲ್ಕು ಸಲ ಮಾಡಿಸಿದಳು.

ಜರಡಿ ಲೆಕ್ಕ: ಮೇಲಿನ ಸಾಲಿನ ಹತ್ತು ಲೋಟದಲ್ಲಿ ಆರು ಲೋಟ ಹರಳು. ಕೆಳಗೆ ಕಲ್ಲಿನ ಒಡ್ಡಿನ ಪಕ್ಕ ಎರಡೇ ಲೋಟ. ಕಾಡಿನಲ್ಲಿ ಐದು. ಆದರೆ ಕಾಡಿನಲ್ಲಿ ಒಣ ಎಲೆ ಸರಿಸಿದರೆ ನಾಲ್ಕು ಬೆರಳಷ್ಟು ಕಪ್ಪು ಪುಡಿ ಮಣ್ಣು ಇದೆ, ಬೇರೆಲ್ಲ ಅದರಲ್ಲೇ ಹೆಣೆದುಕೊಂಡಿದೆ. ನಮ್ಮ ಕಡೆ ಅದು ಬೆರಳಿನ ಒಂದು ಗೆಣ್ಣಷ್ಟೂ ಇಲ್ಲ. ಇನ್ನೊಂದು, ಡ್ರಿಪ್ ತೂತಿನ ಸುತ್ತ ಬಿಳಿ ಪೊರೆ ಕಟ್ಟಿದೆ. ನೀರು ಬೋರಿನದು.

ಮಣ್ಣುಬುಟ್ಟಿ_ರಾಯಚೂರು:

ಉತ್ತರ ಎಲ್ಲ ನಿಮ್ಮ ಲೋಟದಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಹಳದಿ ಹೊಸ ಎಲೆಯಲ್ಲಿದೆ. ಹಾಗಾಗಿ ಇದು ಸಾರಜನಕದ ಕೊರತೆ ಅಲ್ಲ. ಸಾರಜನಕ ಕಡಿಮೆಯಾದರೆ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಆಗ ಹಳೆ ಎಲೆ ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಅದಕ್ಕೇ ಕಬ್ಬಿಣ ಸಿಗದಾಗ ಚಿಗುರು ಮೊದಲು ಸೊರಗುತ್ತದೆ. ನಿಮ್ಮ ಕಡೆ ಶೇಂಗಾ ಹಾಕಿದವರನ್ನು ಕೇಳಿ. ಸುಣ್ಣದ ಹೊಲದಲ್ಲಿ ಮಳೆ ಹಿಡಿದುಕೊಂಡಾಗ ಶೇಂಗಾ ಹೀಗೇ ಹಳದಿಯಾಗುತ್ತದೆ.

ಮಣ್ಣಲ್ಲಿ ಕಬ್ಬಿಣ ಇದೆ. ನಿಂಬೆರಸಕ್ಕೆ ಗುಳ್ಳೆ ಎಬ್ಬಿಸಿದ ಆ ಸುಣ್ಣ ಅದನ್ನು ಕರಗಲು ಬಿಡುತ್ತಿಲ್ಲ, ಅಷ್ಟೇ. ನೀರು ಜಾಸ್ತಿ ಬಿಟ್ಟಾಗ ಬೇರಿನ ಸುತ್ತ ಬೈಕಾರ್ಬನೇಟ್, ಅಂದರೆ ನೀರಲ್ಲಿ ಕರಗಿದ ಸುಣ್ಣದ ಅಂಶ, ಹೆಚ್ಚುತ್ತದೆ, ಬೇರು ಕಬ್ಬಿಣ ಎಳೆದುಕೊಳ್ಳುವುದಕ್ಕೆ ಅದು ಅಡ್ಡ. ನಿಮ್ಮ ಬೋರಿನ ನೀರಲ್ಲೂ ಅದೇ ಇದೆ, ಆ ಬಿಳಿ ಪೊರೆಯೇ ಸಾಕ್ಷಿ. ಡಿಎಪಿಯ ರಂಜಕ ಜಾಸ್ತಿಯಾದರೂ ಕಬ್ಬಿಣ ಸಿಗುವುದು ಕಷ್ಟ. ಸದ್ಯಕ್ಕೆ ಡಿಎಪಿ ನಿಲ್ಲಿಸಿ. ಡ್ರಿಪ್ ವಾರಕ್ಕೆ ಒಂದು ಸಲ ಬಿಡಿ, ಆದರೆ ಆಳಕ್ಕೆ ಇಳಿಯುವಷ್ಟು ಬಿಡಿ.

ಇನ್ನು ಆ ಚೀಟಿ. ಅದರಲ್ಲಿ 12 ಅಂಶ ನೋಡುತ್ತಾರೆ, ಸುಣ್ಣ ಎಷ್ಟಿದೆ ಅನ್ನುವುದು ಆ 12ರಲ್ಲಿ ಇಲ್ಲ. ಅದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಇನ್ನೂ ದೊಡ್ಡ ಮಾತು ಒಂದಿದೆ. ಪ್ರಯೋಗಾಲಯದಲ್ಲಿ ಮಣ್ಣನ್ನು 2 ಮಿಲಿಮೀಟರ್ ಜರಡಿ ಹಿಡಿದು, ಕೆಳಗೆ ಬಿದ್ದದ್ದನ್ನು ಮಾತ್ರ ಪರೀಕ್ಷೆ ಮಾಡುತ್ತಾರೆ, ಹರಳನ್ನು ಎಸೆಯುತ್ತಾರೆ. ನಿಮ್ಮ ಮೇಲಿನ ಸಾಲಿನಲ್ಲಿ ಹತ್ತಕ್ಕೆ ಆರು ಹರಳು. ಚೀಟಿ ಹೇಳಿದ ಸತ್ವವೂ, ಮಣ್ಣಿನ ನೀರು ಹಿಡಿಯುವ ಶಕ್ತಿಯೂ ಉಳಿದ ನಾಲ್ಕು ಲೋಟದ್ದು ಮಾತ್ರ. ಓರೆ ಜಾಗದ ರೈತರು ಇಲ್ಲೇ ಮೋಸ ಹೋಗುತ್ತಾರೆ. ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕಾಡು ಯಾಕೆ ಹಸಿರು ಅಂದಿರಿ. ಅಲ್ಲಿನ ಗಿಡಗಳು ಸುಣ್ಣಕ್ಕೆ ಒಗ್ಗಿದವು, ಅದು ಒಂದು ಕಾರಣ. ಇನ್ನೊಂದು ಆ ನಾಲ್ಕು ಬೆರಳಿನ ಕಪ್ಪು ಮಣ್ಣು. ಕೊಳೆತ ಎಲೆಯಲ್ಲಿ ಹುಟ್ಟುವ ಹುಳಿಗಳು ಕಬ್ಬಿಣವನ್ನು ಹಿಡಿದು ಬೇರಿಗೆ ಸಿಗುವ ಹಾಗೆ ಇಡುತ್ತವೆ. ಸುಣ್ಣದ ಕ್ಯಾಲ್ಸಿಯಂ ಕೂಡ ಅಲ್ಲಿ ಒಳ್ಳೆಯದನ್ನೇ ಮಾಡುತ್ತದೆ, ಕೊಳೆತದ್ದನ್ನು ಮಣ್ಣಿಗೆ ಅಂಟಿಸಿ ಕಾಳು ಕಾಳಾಗಿ ನಿಲ್ಲಿಸುತ್ತದೆ. ನಿಮ್ಮ ಕಡೆ ಸಸಿ ಹಚ್ಚುವ ಮುಂಚೆ ಜಾಗ ಬೋಳಿಸಿದ್ದೀರಿ ಅಲ್ವಾ? ಎರಡು ಮಳೆಗಾಲದಲ್ಲಿ ಆ ಮಣ್ಣು ಕೆಳಗಿನ ಒಡ್ಡಿಗೆ ಹೋಗಿ ಕೂತಿದೆ. ಅಲ್ಲಿ ಹರಳು ಎರಡೇ ಲೋಟ ಇರುವುದು ಅದಕ್ಕೇ.

ಸಂಡೂರು_ಓರೆ:

ಹೌದು ಮೇಡಂ, ಜೆಸಿಬಿ ಬಿಟ್ಟು ಬೋಳಿಸಿದ್ದೆವು. ಈಗ ಗಂಧಕ ಹಾಕಿ ಸುಣ್ಣ ತೆಗೆಯಬಹುದಾ? ಅಂಗಡಿಯವರು ಎಕರೆಗೆ ಎರಡು ಚೀಲ ಸಾಕು ಅಂದರು.

ಮಣ್ಣುಬುಟ್ಟಿ_ರಾಯಚೂರು:

ಲೆಕ್ಕ ಹಾಕೋಣ. ಒಂದು ಎಕರೆಯಲ್ಲಿ ಅರ್ಧ ಅಡಿ ಮಣ್ಣು ಸುಮಾರು 8 ರಿಂದ 9 ಲಕ್ಷ ಕೆಜಿ ತೂಗುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಸುಣ್ಣ ಇದ್ದರೂ 8 ಟನ್ ದಾಟಿತು. 100 ಕೆಜಿ ಸುಣ್ಣ ಕರಗಿಸಲು 32 ಕೆಜಿ ಗಂಧಕ ಬೇಕು. ಎಕರೆಗೆ ಎರಡೂವರೆ ಟನ್ ಮೇಲೆ! ಅದಾದ ಮೇಲೂ ಮೇಲಿನ ಕಲ್ಲಿನಿಂದ ಹೊಸ ಸುಣ್ಣ ಇಳಿದು ಬರುತ್ತಲೇ ಇರುತ್ತದೆ. ಎರಡು ಚೀಲದಿಂದ ಏನಾಗುತ್ತದೆ ಹೇಳಿ. ಆ ದುಡ್ಡು ಉಳಿಸಿಕೊಳ್ಳಿ.

ಸದ್ಯಕ್ಕೆ ಸಿಂಪಡಿಸಿ. ಲೀಟರ್ ನೀರಿಗೆ ಮೊದಲು 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ, ಆಮೇಲೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್ ಅನ್ನುವ ಕಬ್ಬಿಣದ ಉಪ್ಪು). ಕ್ರಮ ತಪ್ಪಬೇಡಿ. ಮಳೆ ನೀರಿದ್ದರೆ ಇನ್ನೂ ಒಳ್ಳೆಯದು. ನೀರು ತಿಳಿ ಹಸಿರಾಗಿರಬೇಕು, ತುಕ್ಕಿನ ಬಣ್ಣಕ್ಕೆ ತಿರುಗಿದರೆ ಚೆಲ್ಲಿಬಿಡಿ. ಸಂಜೆ ಹೊತ್ತು, ಚಿಗುರು ನೆನೆಯುವ ಹಾಗೆ. ಮೊದಲು ಒಂದೇ ಕೊಂಬೆಗೆ ಹೊಡೆದು, ದಾರ ಕಟ್ಟಿ ಹತ್ತು ದಿನ ಕಾಯಿರಿ. ಅನ್ನಭೇದಿಯನ್ನು ಬುಡಕ್ಕೆ ಸುರಿಯಬೇಡಿ, ಸುಣ್ಣ ಅದನ್ನೂ ಬೇಗ ತುಕ್ಕು ಮಾಡಿ ಕೂರಿಸುತ್ತದೆ. ಬುಡಕ್ಕೇ ಕೊಡಬೇಕು ಅಂದರೆ ಇಡಿಡಿಎಚ್‌ಎ ಅಂತ ಬರೆದಿರುವ ಕಬ್ಬಿಣ ತನ್ನಿ, ಅದು ಸುಣ್ಣದ ಮಣ್ಣಲ್ಲೂ ಕಬ್ಬಿಣವನ್ನು ಕರಗಿದ ಹಾಗೇ ಹಿಡಿದಿಡುತ್ತದೆ. ಇಡಿಟಿಎ ಅನ್ನುವ ಇನ್ನೊಂದು ಬಗೆಯ ಕಬ್ಬಿಣ ನಿಮ್ಮ ಪಿಎಚ್‌ನಲ್ಲಿ ನಿಲ್ಲುವುದಿಲ್ಲ.

ನಿಜವಾದ ಕೆಲಸ ಮಣ್ಣು ಹಿಡಿಯುವುದು. ಪ್ರತಿ ಗಿಡದ ಕೆಳಮಗ್ಗುಲಿಗೆ ಅರ್ಧಚಂದ್ರದ ಹಾಗೆ ಕಲ್ಲಿನ ಬದು ಕಟ್ಟಿ. ಒಡ್ಡಿನಲ್ಲಿ ಕೂತ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮೇಲಕ್ಕೆ ತನ್ನಿ, ಅದು ನಿಮ್ಮದೇ ಮಣ್ಣು. ಆದರೆ ಮೇಲ್ಮೈ ಹರಳನ್ನು ಆರಿಸಿ ಎಸೆಯಬೇಡಿ. ಮಳೆ ಹನಿಯ ಏಟು ತಡೆಯುವುದು, ನೆಲದ ತೇವ ಆರದ ಹಾಗೆ ನೋಡಿಕೊಳ್ಳುವುದು ಅದೇ. ಬುಡದ ಸುತ್ತ ಒಂದು ಗೇಣು ದಪ್ಪ ಸೊಪ್ಪು ಹೊದಿಸಿ. ಕಾಡಿನ ತರಗೆಲೆ ಗುಡಿಸಿ ತರಬೇಡಿ, ಅದನ್ನು ತೆಗೆದರೆ ಆ ಓರೆಯೂ ನಿಮ್ಮದರ ಹಾಗೇ ಆಗುತ್ತದೆ. ಸೊಪ್ಪಿಗೆ ಬೇಲಿ ಉದ್ದಕ್ಕೂ ಗ್ಲಿರಿಸಿಡಿಯಾ ಅನ್ನುವ ಹಸಿರೆಲೆ ಗೊಬ್ಬರದ ಗಿಡ ನೆಟ್ಟುಕೊಳ್ಳಿ.

ಶೇಂಗಾ_ಕುಷ್ಟಗಿ:

ಹರಳು ಆರಿಸಬಾರದು ಅನ್ನುವುದು ಖರೇ. ನಮ್ಮ ಕೊಪ್ಪಳದ ಕಡೆ ಎರೆ ಹೊಲಕ್ಕೆ ಉಸುಕು, ಹರಳು ಹೊರಗಿಂದ ತಂದು ಹಾಸುವವರು ಇದ್ದಾರೆ, ತೇವ ನಿಲ್ಲಲಿ ಅಂತ. ಇನ್ನು ಬದು ಒಂದೇ ಮಟ್ಟದಲ್ಲಿ ಬರಬೇಕು ಅಂದ್ರೆ ಎರಡು ಬಡಿಗೆಯ ಮೇಲ್ತುದಿ ಜೋಡಿಸಿ, ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಬಡಿಯಿರಿ. ತುದಿಯಿಂದ ದಾರಕ್ಕೆ ಕಲ್ಲು ಇಳಿಬಿಡಿ. ದಾರ ಪಟ್ಟಿಯ ನಡುಗುರುತಿಗೆ ಬಂದರೆ ಎರಡೂ ಕಾಲು ಸಮ.

ಸಂಡೂರು_ಓರೆ (26 ದಿನದ ನಂತರ):

ಕೆಂಪು ದಾರ ಕಟ್ಟಿದ ಕೊಂಬೆಯ ಎಲೆ ಹನ್ನೊಂದನೇ ದಿನಕ್ಕೆ ಹಸಿರಾಯಿತು. ಮೊದಲು ಚುಕ್ಕೆ ಚುಕ್ಕೆಯಾಗಿ ಬಂದು, ಆಮೇಲೆ ಕೂಡಿಕೊಂಡಿತು. ಪಕ್ಕದ ಕೊಂಬೆ ಹಳದಿಯಾಗಿಯೇ ಇತ್ತು. ಈಗ ಎಲ್ಲಾ ಗಿಡಕ್ಕೂ ಹೊಡೆದಿದ್ದೇವೆ. ಇಪ್ಪತ್ತೆರಡು ಬದು ಮುಗಿದಿವೆ. ನಾನು, ನಮ್ಮಪ್ಪ ಇಬ್ಬರೇ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದೇವೆ.

ಮೇಲಿನ ಸಾಲಿನ ಹದಿನಾಲ್ಕು ನಿಂಬೆ ತೀರಾ ಸೊರಗಿವೆ. ಅವನ್ನು ಉಳಿಸಬೇಕಾ, ತೆಗೆಯಬೇಕಾ?

ಮಣ್ಣುಬುಟ್ಟಿ_ರಾಯಚೂರು:

ತೆಗೆಯಿರಿ. ನನಗೂ ಬೇಸರವೇ, ಆದರೆ ಆರು ಲೋಟ ಹರಳಿನ ಜಾಗದಲ್ಲಿ ನಿಂಬೆಗೆ ವರ್ಷಕ್ಕೆ ಎಷ್ಟು ಸಲ ಸಿಂಪಡಿಸುತ್ತೀರಿ? ಅಲ್ಲಿ ಸೀತಾಫಲ, ಬಾರೆ, ನಡುನಡುವೆ ಬೇವು ಹಾಕಿ. ಗುಂಡಿಗೆ ಜೆಸಿಬಿ ಬೇಡ, ಹಾರೆಯಲ್ಲಿ ತೋಡಿ. ನಿಂಬೆ ಬೇಕು ಅಂದರೆ ಒಡ್ಡಿನ ಪಕ್ಕ ಮಣ್ಣು ಆಳವಿದೆಯಲ್ಲ, ಅಲ್ಲಿ ಹಚ್ಚಿ. ಬದು ಮಾತ್ರ ಮುಂಗಾರಿಗೆ ಮುಂಚೆ ಮುಗಿಸಿ.

ಸಂಡೂರು_ಓರೆ:

ಆಯ್ತು ಮೇಡಂ. ನಾಳೆಯಿಂದ ಮೇಲಿನ ಸಾಲು ಶುರು.