ಕಪ್ಪೆಯೋ, ನೊಣವೋ, ನೀಟ್ ಪಾಠವೋ? ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇದ್ದವರು, ಬಿಟ್ಟವರು ಹೇಳಿ

ಕಾನಿನ ಹುಡುಗಿ
ಎಲ್ಲರಿಗೂ ನಮಸ್ಕಾರ. ಊರು ಶಿರಸಿ ಹತ್ತಿರ. ಪ್ರಾಣಿಶಾಸ್ತ್ರ ಎಂಎಸ್ಸಿ ಮುಗಿಸಿದೆ, ಸಿಎಸ್‌ಐಆರ್ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಆಗಿದೆ. ಕಪ್ಪೆಗಳ ಮೇಲೆ ಕೆಲಸ ಮಾಡುವ ಆಸೆ. ಆದರೆ ವಿಭಾಗದಲ್ಲಿ ಪಿಎಚ್‌ಡಿ ಸೀಟು ಖಾಲಿ ಇರುವ ಗೈಡ್ ಡ್ರೊಸೊಫಿಲಾ (ಹಣ್ಣಿನ ನೊಣ) ತಳಿಶಾಸ್ತ್ರದವರು. "ಮೊದಲು ಸೇರ್ಕೊ, ವಿಷಯ ಆಮೇಲೆ ನೋಡೋಣ" ಅಂದಿದ್ದಾರೆ. ಈ ಮಧ್ಯೆ ಕರಾವಳಿಯ ಪಿಯು ಕಾಲೇಜೊಂದು ನೀಟ್ ಬಯಾಲಜಿ ಕಲಿಸಲು ಕರೆದಿದೆ. ತಿಂಗಳಿಗೆ 45 ಸಾವಿರ, ಊಟ ವಸತಿ ಅವರದೇ. ಪಾಠ ಮಾಡುವುದೂ ನನಗೆ ಇಷ್ಟ. ಅಪ್ಪನದು ಎರಡೆಕರೆ ಅಡಿಕೆ, ಈ ವರ್ಷ ಕೊಳೆರೋಗ ಜಾಸ್ತಿ. ಸೋಮವಾರದೊಳಗೆ ಹೇಳಬೇಕು. ಸಂಶೋಧನೆಗೆ ಕೈಯಿಂದ ಎಷ್ಟು ಹೋಗುತ್ತೆ? ಅನುಭವ ಇದ್ದವರು ಹೇಳಿ.

ರವೆ ಬೇಯಿಸಿದವ
ನೊಣ ಅಂದ್ರೆ ಮೂಗು ಮುರಿಯೋರು ಮೊದಲು ಇದನ್ನ ಓದಿ. ಆರು ವರ್ಷ ನಾನು ಮಾಡಿದ್ದು ಪಿಎಚ್‌ಡಿ ಅಲ್ಲ, ನೊಣಕ್ಕೆ ಅಡುಗೆ. ಲೀಟರ್ ನೀರಿಗೆ 100 ಗ್ರಾಂ ಬೆಲ್ಲ, 100 ಗ್ರಾಂ ರವೆ, ಗಟ್ಟಿಯಾಗೋಕೆ 10 ಗ್ರಾಂ ಅಗರ್, ಇಳಿಸಿದ ಮೇಲೆ ಬೂಸಲು ಬರದ ಹಾಗೆ ಏಳೂವರೆ ಎಂಎಲ್ ಪ್ರೊಪಿಯಾನಿಕ್ ಆಮ್ಲ. ವಾರಕ್ಕೆರಡು ಸಲ, ಸಲಕ್ಕೆ ಇನ್ನೂರು ಬಾಟ್ಲಿ. ತೊಳೆಯೋನೂ ನಾನೇ. ಹಬ್ಬದ ದಿನ ಮನೇಲಿ ಸಜ್ಜಿಗೆ ಕೆದಕಿದ್ರೆ ವಾಸನೆಗೇ ಎದ್ದು ಆಚೆ ಹೋಗ್ತಿದ್ದೆ.

ಮೂರನೇ ವರ್ಷ ಏಪ್ರಿಲ್‌ನಲ್ಲಿ ನಾಲ್ಕು ದಿನ ಸಾಲು ರಜೆ. 22 ಡಿಗ್ರಿ ಇರಬೇಕಾದ ರೂಮಿನ ಎಸಿ ಮೊದಲನೇ ದಿನವೇ ಕೈಕೊಟ್ಟಿತ್ತು. ಬಾಳೆಹಣ್ಣು ಕೊಳೆಸಿ, ಬಲೆ ಕಟ್ಟಿ, ಬೆಟ್ಟ ಹತ್ತಿ ಹಿಡ್ಕೊಂಡು ಬಂದಿದ್ದ ನೊಣಗಳ 38 ಲೈನುಗಳಲ್ಲಿ (ವಂಶಗಳಲ್ಲಿ) ಉಳಿದಿದ್ದು ಐದು. ಆ ಐದಕ್ಕೂ ಮುಂದಿನ ತಿಂಗಳು ಮೈಟ್ (ನುಸಿ) ಹತ್ತಿತು. ಫೆಲೋಶಿಪ್ ಆಗ 31 ಸಾವಿರ, ಕಾಗದದ ಮೇಲೆ. ನಮ್ಮ ಆಫೀಸಿನ ಮೇಜಿನಿಂದ ಮೇಜಿಗೆ ಫೈಲು ದಾಟೋಕೆ ಒಂಬತ್ತು ತಿಂಗಳು. ಅಗರ್, ಹತ್ತಿ, ಈಥರ್, ಬ್ಯಾಟರಿ, ಥೀಸಿಸ್ ಬೈಂಡಿಂಗ್ ಸೇರಿ ಕೈಯಿಂದ ಹೋಗಿದ್ದು 1,83,460 ರೂಪಾಯಿ. ಬಿಲ್ಲು ಇನ್ನೂ ಇಟ್ಟಿದೀನಿ.

ಆದ್ರೂ ಹೇಳ್ತೀನಿ, ನೊಣಕ್ಕೆ ಹತ್ತು ಹನ್ನೆರಡು ದಿನಕ್ಕೊಂದು ತಲೆಮಾರು. ತಪ್ಪಾದ್ರೆ ಎರಡು ವಾರದಲ್ಲಿ ಮತ್ತೆ ಶುರು ಮಾಡಬಹುದು. ಕಪ್ಪೆ ಕಾಯುತ್ತಾ?

ಜಿಗಣೆ ಮಿತ್ರ
ಕಪ್ಪೆ ಕಾಯುವುದಿಲ್ಲ ಸ್ವಾಮಿ, ನಾವು ಕಾಯಬೇಕು. ಒಂದು ಮಳೆಗಾಲ ತಪ್ಪಿದರೆ ಒಂದು ವರ್ಷವೇ ಹೋಯಿತು. ನನಗೆ ಅನುಮತಿ ಪತ್ರ ಕೈಸೇರುವಾಗ ಎರಡು ಮಳೆಗಾಲ ಹರಿದುಹೋಗಿತ್ತು. ಮೂರನೆಯದರಲ್ಲಿ ರಾತ್ರಿ ಏಳರಿಂದ ಹನ್ನೊಂದರವರೆಗೆ ಹಳ್ಳದಲ್ಲಿ ನಿಂತು ಕೂಗು ರೆಕಾರ್ಡ್ ಮಾಡಿದೆ. ಜೀಪಿಗೆ ರಾತ್ರಿಗೆ 2,800. ಹೀಗೆ 41 ರಾತ್ರಿ. ಎರಡು ಹೆಡ್‌ಲ್ಯಾಂಪ್ ನೀರು ಕುಡಿದು ಸತ್ತವು. ಮೈಕಿಗೆ ಬೂಸಲು ಬಂತು. ಡಿಎನ್‌ಎ ಓದಿಸಲು ಕಳಿಸಿದ 60 ಸ್ಯಾಂಪಲ್‌ನಲ್ಲಿ 22ರ ಫಲಿತಾಂಶ ಬರಲೇ ಇಲ್ಲ, ದುಡ್ಡು ಮಾತ್ರ ಅಷ್ಟಕ್ಕೂ ಕೊಟ್ಟಿದ್ದೆ. ಜಿಗಣೆ ಕಚ್ಚಿದ ಜಾಗ ಈಗಲೂ ಮಳೆ ಬಂದರೆ ತುರಿಸುತ್ತದೆ.

ತಂಗಿ, ನಿಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲೇ ಅಲ್ಲವೇ ಕುಂಬಾರ ಕಪ್ಪೆ ಸಿಕ್ಕಿದ್ದು? ಮೊಟ್ಟೆಗೆ ಗಂಡೇ ಕೆಸರು ಮೆತ್ತುತ್ತದೆ. ಅದಕ್ಕೊಂದು ವೈಜ್ಞಾನಿಕ ಹೆಸರು ಬಂದಿದ್ದು 2014ರಲ್ಲಿ. ಅದನ್ನು ನೋಡಿದ ರಾತ್ರಿ ನಾನು ಜ್ವರದಲ್ಲಿದ್ದೆ, ಗೊತ್ತೇ ಆಗಲಿಲ್ಲ. ಬಾಟಲಿ ತೊಳೆಯುವವರಿಗೆ ಇದು ಅರ್ಥವಾಗುವುದು ಕಷ್ಟ.

ರವೆ ಬೇಯಿಸಿದವ
ಬಾಟ್ಲಿ ತೊಳೆದೇ ಪಾಠಕ್ಕೂ ನಿಂತಿದೀನಿ ಸಾರ್. ನಮ್ಮ ಎಂಎಸ್ಸಿ ಮಕ್ಕಳು ಬಿಳಿ ಕಣ್ಣಿನ ಗಂಡು ನೊಣ ಎಣಿಸಿ, 1910ರಲ್ಲಿ ತಳಿವಿಜ್ಞಾನಿ ಮಾರ್ಗನ್ ಕಂಡಿದ್ದನ್ನ (ಕಣ್ಣಿನ ಬಣ್ಣ ಲಿಂಗದ ಜೊತೆ ಸಾಗೋದನ್ನ) ತಮ್ಮ ಕಣ್ಣಾರೆ ಕಾಣ್ತಾರೆ. ನಿಮ್ಮ 41 ರಾತ್ರೀನ ಕ್ಲಾಸಿಗೆ ಹೇಗೆ ತರ್ತೀರಿ?

ನೀಟ್ ಸರ್ ಕರಾವಳಿ
ಎಂತ ಮಾರಾಯ್ರೆ, ಇಬ್ಬರೂ ಸಾಲದ ಲೆಕ್ಕ ಹೇಳಿ ಹುಡುಗಿಯನ್ನು ಹೆದರಿಸುವುದಾ? ನಾನು ಪಿಎಚ್‌ಡಿ ಎರಡನೇ ವರ್ಷಕ್ಕೆ ಬಿಟ್ಟು ಬಂದವ. ಬಿಟ್ಟದ್ದಕ್ಕೆ ಬೇಸರ ಉಂಟಾ ಕೇಳಿದರೆ ಇಲ್ಲ. ಇಲ್ಲ ಅಂದರೆ ಇಲ್ಲ. ನೀಟ್‌ನ 720ರಲ್ಲಿ 360 ಅಂಕ ನಮ್ಮ ಬಯಾಲಜಿಯದ್ದು, ಹಾಗಾಗಿ ಮ್ಯಾನೇಜ್‌ಮೆಂಟಿನವರು ನಮ್ಮನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಏಳು ವರ್ಷದಲ್ಲಿ ಮನೆ ಆಯಿತು. ಬೆಳಿಗ್ಗೆ ಆರಕ್ಕೆ ಶುರು, ರಾತ್ರಿ ಒಂಬತ್ತಕ್ಕೆ ಡೌಟ್ ಕ್ಲಾಸ್. ಗಂಟಲಿಗೆ ಎರಡು ಸಲ ಆಪರೇಷನ್, ಒಟ್ಟು 96 ಸಾವಿರ, ಅದು ಕೈಯಿಂದಲೇ. ಆರು ವಾರ ಬೋರ್ಡಿನಲ್ಲಿ ಬರೆದೇ ಪಾಠ ಮಾಡಿದ್ದೇನೆ.

ಕಪ್ಪೆ ಬೇಕಾದರೆ ಇಲ್ಲಿಯೂ ಉಂಟು. 2024ರ ನೀಟ್ ಸಿಲೆಬಸ್ ತೆಗೆದು ನೋಡಿ, "ಕೀಟ" ಅಂತ ಬರೆದು ಬ್ರಾಕೆಟಿನಲ್ಲಿ "ಕಪ್ಪೆ" ಅಂತ ಹಾಕಿದ್ದಾರೆ. ಜಿರಳೆ ಪಠ್ಯದಿಂದ ಹೋಯಿತು, ಅದರ ಜಾಗದಲ್ಲಿ ಕಪ್ಪೆ ಕೂತಿತು, "ಕೀಟ" ಮಾತ್ರ ಉಳಿಯಿತು. ಈಗ ನೊಣದವರಿಗೂ ಕಪ್ಪೆಯವರಿಗೂ ಜಗಳವೇ ಇಲ್ಲ, ಎರಡೂ ಕೀಟ!

ಜಿಗಣೆ ಮಿತ್ರ
ಇದನ್ನು ನಗುತ್ತಾ ಹೇಳುತ್ತೀರಲ್ಲ! ಮಕ್ಕಳಿಗೆ ಅದು ತಪ್ಪು ಅಂತ ಹೇಳಿದಿರಾ, ಇಲ್ಲ ಹಾಗೇ ಬಾಯಿಪಾಠ ಮಾಡಿಸಿದಿರಾ?

ನೀಟ್ ಸರ್ ಕರಾವಳಿ
ಹೇಳಿದೆ. "ಸರ್, ಕೀ ಆನ್ಸರ್‌ನಲ್ಲಿ ಯಾವುದು ಬರುತ್ತದೆ" ಅಂತ ಕೇಳಿದರು.

ಅತಿಥಿ ಅಕ್ಕ, ಧಾರವಾಡ
ಮನಿ ಕಟ್ಟಿದವ್ರು, ಕಪ್ಪಿ ಹಿಡದವ್ರು ಎಲ್ಲಾರೂ ಮಾತಾಡಿದ್ರಿ, ಈಗ ನಂದೊಂದೀಟು ಕೇಳ್ರಿ. ಸರಕಾರಿ ಡಿಗ್ರಿ ಕಾಲೇಜಿನ್ಯಾಗ 14 ವರ್ಷ ಅತಿಥಿ ಉಪನ್ಯಾಸಕಿ. ನೆಟ್ ಆಗೇತಿ, ಪಿಎಚ್‌ಡಿ ಸೈತ ಆಗೇತಿ. 2022ರ ತನಕಾ ಪಗಾರ 13 ಸಾವಿರ, ಅದೂ ವರ್ಷದಾಗ ಹತ್ತೇ ತಿಂಗಳಾ. ಆ ವರ್ಷ 32 ಸಾವಿರ ಮಾಡಿದ್ರು, ಖುಷಿ ಪಟ್ವಿ. ಆದ್ರ ವಾರಕ್ಕ 8 ತಾಸು ಇದ್ದದ್ದು 15 ಆತು, ಇಬ್ರು ಮಾಡೂ ಪಾಠ ಒಬ್ರಿಗೇ ಬಂತು. ನನ್ನ ಬಾಜೂಕ ಕೂಡೂ ಗೆಳತಿ ಮನಿಗೆ ಹೋದ್ಲು. ಆಕಿ ಡಬ್ಬಿ ಇನ್ನೂ ನನ್ನ ಕಪಾಟಿನ್ಯಾಗ ಐತಿ.

ವಿಶ್ವವಿದ್ಯಾಲಯದ ವಿಭಾಗದಾಗ ನೌಕರಿಗೆ ಪಿಎಚ್‌ಡಿ ಬೇಕೇ ಬೇಕು ಅಂತ 2018ರಾಗ ನಿಯಮ ಬಂತು. ಬಂಗಾರ ಒತ್ತಿ ಇಟ್ಟು ಮಾಡಿದೆ. 2023ರ ಜುಲೈದಾಗ ನೆಟ್ ಇದ್ರ ಸಾಕು ಅಂದ್ರು. ಬಂಗಾರ ಬಿಡಿಸ್ಕೊಳ್ಳಾಕ ಇನ್ನೂ 70 ಸಾವಿರ ಬಾಕಿ ಐತಿ.

ಫಾರ್ಮಲಿನ್ ಮೇಷ್ಟ್ರು
ನಿವೃತ್ತನಾಗಿ ಒಂಬತ್ತು ವರ್ಷ. ಮೂಲ ಪ್ರಶ್ನೆ ಇದಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2014ರಲ್ಲಿ ತರಗತಿಯಲ್ಲಿ ಪ್ರಾಣಿ ಕೊಯ್ಯುವುದನ್ನು ನಿಲ್ಲಿಸಿತಲ್ಲ, ಅಂದಿನಿಂದ ಪ್ರಾಣಿಶಾಸ್ತ್ರ ಕಂಪ್ಯೂಟರ್ ಆಟವಾಯಿತು. ಕೈಯಲ್ಲಿ ಸ್ಕಾಲ್ಪೆಲ್ ಹಿಡಿಯದವರು ಎಂಎಸ್ಸಿ! ಮೂವತ್ತು ವರ್ಷ, ಸತ್ತ ಪ್ರಾಣಿ ಕೆಡದಂತಿಡುವ ಫಾರ್ಮಲಿನ್ ಉಸಿರಾಡಿ ಕಟ್ಟಿದ ಮ್ಯೂಸಿಯಂ ಈಗ ಪರೀಕ್ಷಾ ಪತ್ರಿಕೆಗಳ ಗೋಡೌನು.

ಜಿಗಣೆ ಮಿತ್ರ
ಮೇಷ್ಟ್ರೇ, ನಿಮ್ಮ ಕಾಲದಲ್ಲಿ ಬ್ಯಾಚಿಗೆ ನೂರಾರು ಕಪ್ಪೆ ಕೊಯ್ದಿರಿ. ಅವೆಲ್ಲ ಯಾವ ಗದ್ದೆಯಿಂದ ಬಂದವು ಅಂತ ಒಂದು ಸಾಲು ಬರೆದಿಟ್ಟಿದ್ದರೂ ಇವತ್ತು ನಮಗೆ ಪ್ರಯೋಜನವಾಗುತ್ತಿತ್ತು.

ಫಾರ್ಮಲಿನ್ ಮೇಷ್ಟ್ರು
ಹುಡುಗುತನದ ಮಾತು. ಉತ್ತರ ಕೊಡುವುದಿಲ್ಲ.

ಆಲೆಮನೆ ಹೈದ
ಸಾ, ಆ ರವೆ ಸಾರ್‌ಗೆ ಒಂದು ಪ್ರಶ್ನೆ. ಹುಳಕ್ಕೆ ಯಾವ ಬೆಲ್ಲ ಹಾಕ್ತಿದ್ರಿ? ನಮ್ದು ಮಂಡ್ಯ ಕಡೆ, ನಾನೂ ಬಿಎಸ್ಸಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂಆಲಜಿ) ಓದಿದೋನು.

ರವೆ ಬೇಯಿಸಿದವ
ಒಳ್ಳೇದನ್ನೇ ಕೇಳಿದ್ರಿ. ಅಂಗಡಿಯ ಹಳದಿ ಬೆಲ್ಲ ಹಾಕಿದ ಬ್ಯಾಚಲ್ಲಿ ಮರಿಹುಳುಗಳು ಅರ್ಧಕ್ಕರ್ಧ ಕಮ್ಮಿ. ಬಣ್ಣಕ್ಕೆ ಹೈಡ್ರೋಸ್ (ಬಿಳಿಚಿಸೋ ರಾಸಾಯನಿಕ) ಸುರೀತಾರಲ್ಲ, ಅದೇ ಇರಬೇಕು ಅಂತ ನನ್ನ ಅನುಮಾನ. ನಿಮ್ಮ ಕಡೇದೇ ಮೂಟೆ ಅದು.

ಆಲೆಮನೆ ಹೈದ
ನೋಡಿ ಸಾ, ಬಿಳಿ ಬೇಕು ಬಿಳಿ ಬೇಕು ಅಂತ ಕೇಳೋರು ಸಿಟಿಯೋರು, ಬೈಸ್ಕೊಳೋದು ನಾವಾ? ನಮ್ಮಪ್ಪ ಇವತ್ತಿಗೂ ಬೆಂಡೆಗಿಡದ ಲೋಳೆ ಹಾಕೇ ಕಬ್ಬಿನ ಹಾಲಿನ ಕೊಳೆ ತೆಗೆಯೋದು. ನಿಮ್ಮ ಎಸಿ ಕೆಟ್ಟಿದ್ದಕ್ಕೂ ಮಂಡ್ಯವೇ ಕಾರಣವಾ?

ನೀಟ್ ಸರ್ ಕರಾವಳಿ
ಪ್ರಶ್ನೆ ಕೇಳಿದ ಹುಡುಗಿ ಎಲ್ಲಿ ಹೋದದ್ದು? ನಮ್ಮ ಕಾಲೇಜೇ ಕರೆದದ್ದಾದರೆ ಹೇಳಿ, ಹಾಸ್ಟೆಲ್ ಡ್ಯೂಟಿ ಒಪ್ಪಿಕೊಳ್ಳಬೇಡಿ.

ಅತಿಥಿ ಅಕ್ಕ, ಧಾರವಾಡ
ತಂಗೀ, ಇವ್ರ ಬೆಲ್ಲದ ಜಗಳಾ ಬಿಡು. ಜೆಆರ್‌ಎಫ್ ಪತ್ರದ ಮ್ಯಾಲೆ ಯಾವ ತಾರೀಖಿನ ತನಕಾ ಸೇರ್ಬೇಕು ಅಂತ ಬರದೈತಿ, ನೋಡಿಯೇನು?

ಕಾನಿನ ಹುಡುಗಿ
ಈಗ ನೋಡಿದೆ ಅಕ್ಕ. ಡಿಸೆಂಬರ್ 31.

ಅತಿಥಿ ಅಕ್ಕ, ಧಾರವಾಡ
ಹಂಗಾದ್ರ ಆ ಗೈಡ್ ಕಡೆ "ವಿಷಯ ಆಮೇಲೆ" ಅನ್ನೂದನ್ನ ಬರವಣಿಗಿ ಮ್ಯಾಲೆ ತಗೋ. ಬಾಯಿ ಮಾತು ಬ್ಯಾಡ. ನಾ ಬಾಯಿ ಮಾತು ನಂಬೇ ಮೀನಿನ ಕೆಲಸಾ ಬಿಟ್ಟು ಎರಿಹುಳದ ಮ್ಯಾಲೆ ಐದು ವರ್ಷ ಕಳದೆ.

ರವೆ ಬೇಯಿಸಿದವ
ಮಂಡ್ಯದವರೇ, ಕೋಪ ಬೇಡಿ. ಆ ಬೆಂಡೆ ಲೋಳೆ ಬೆಲ್ಲ ಹತ್ತು ಕೆಜಿ ಸಿಗುತ್ತಾ? ಸೋಮವಾರ ಅಡುಗೆ ಇದೆ.