ಸ್ಪ್ರೇ ಗನ್‌ನಿಂದ ನೀರು ಬರುತ್ತಿದೆ, ಫಿಲ್ಟರ್ ಹಾಕಿದರೂ ನಿಂತಿಲ್ಲ

ಪ್ರಶ್ನೆ (ಮೂಡಿಗೆರೆ ಕಡೆಯಿಂದ):
ಮನೆ ಹಿಂದಿನ ಶೆಡ್‌ನಲ್ಲಿ ಹವ್ಯಾಸಕ್ಕೆ ಮರದ ಕೆಲಸ ಮಾಡುತ್ತೇನೆ. 2 ಎಚ್‌ಪಿ ಬೆಲ್ಟ್ ಕಂಪ್ರೆಸರ್, 100 ಲೀಟರ್ ಟ್ಯಾಂಕ್, 8 ಬಾರ್ ಒತ್ತಡಕ್ಕೆ ಕಟ್‌ಆಫ್ (ತಾನಾಗೇ ನಿಲ್ಲುತ್ತದೆ). ಬೇಸಿಗೆಯಲ್ಲಿ ಏನೂ ತೊಂದರೆ ಇರಲಿಲ್ಲ. ಮಳೆ ಹಿಡಿದ ಮೇಲೆ ಶುರುವಾಯಿತು. ಹಲಸಿನ ಹಲಗೆಯ ಟೀಪಾಯಿಗೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಅಂದರೆ ಬೇಗ ಆರುವ ಪಾರದರ್ಶಕ ಪಾಲಿಶ್, ಹೊಡೆಯುತ್ತಿದ್ದೇನೆ. ಮೊದಲು ಚೆನ್ನಾಗಿ ಬರುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಗನ್ ನೀರು ಉಗುಳುತ್ತದೆ. ಜೊತೆಗೆ ಇಡೀ ಹಲಗೆ ಬೆಳ್ಳಗೆ ಮಂಜು ಕವಿದ ಹಾಗೆ ಆಗುತ್ತಿದೆ. ಟ್ಯಾಂಕಿನ ಬಾಯಿಗೇ ಫಿಲ್ಟರ್ ರೆಗ್ಯುಲೇಟರ್ (ಗಾಳಿಯ ನೀರು ಹಿಡಿದು ಒತ್ತಡ ಹೊಂದಿಸುವ ಸಾಧನ) ತಿರುಗಿಸಿ ಹಾಕಿದ್ದೇನೆ, ಆದರೆ ಅದರ ಬಟ್ಟಲಲ್ಲಿ ನೀರೇ ಇಲ್ಲ! ಅಂಗಡಿಯಲ್ಲಿ ಗಾಳಿ ಒಣಗಿಸುವ ಡ್ರೈಯರ್ ಯಂತ್ರ ತಗೊಳ್ಳಿ ಅಂತಾರೆ, ಅದರ ಬೆಲೆ ಕಂಪ್ರೆಸರ್‌ಗಿಂತ ಜಾಸ್ತಿ. ಬೇರೆ ದಾರಿ ಇದೆಯಾ?

ಉತ್ತರ (ಹಾಸನ):
ಡ್ರೈಯರ್ ಈಗಲೇ ತಗೊಳ್ಳಬೇಡಿ. ಬಟ್ಟಲು ಒಣಗಿದೆ ಅಂದಿರಲ್ಲ, ಕಾರಣ ಅಲ್ಲೇ ಇದೆ.

ಆ ಫಿಲ್ಟರ್ ಹಿಡಿಯುವುದು ಹನಿಯನ್ನು. ಆವಿ ಅದರೊಳಗಿಂದ ಹಾಗೇ ದಾಟಿ ಹೋಗುತ್ತದೆ. ಪಂಪಿನಿಂದ ಹೊರಬರುವ ಗಾಳಿ 100 ಡಿಗ್ರಿಗೂ ಮೇಲೆ ಬಿಸಿ ಇರುತ್ತದೆ, ಬಿಡದೆ ಓಡಿಸಿದರೆ ಟ್ಯಾಂಕೂ ಬಿಸಿಯಾಗುತ್ತದೆ, ಆಗ ಫಿಲ್ಟರ್ ತಲುಪುವ ಹೊತ್ತಿಗೆ ನೀರು ಇನ್ನೂ ಆವಿಯಾಗೇ ಇರುತ್ತದೆ, ಮುಂದೆ ಹೋಸ್‌ನಲ್ಲಿ ತಣ್ಣಗಾಗಿ ನಿಮ್ಮ ಗನ್‌ಗೆ ಬಂದು ಬೀಳುತ್ತದೆ. ಬಿಸಿ ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿ ಕೂರುತ್ತಲ್ಲ, ಹಾಗೆ.

ಎಷ್ಟು ನೀರು ಅಂತ ಲೆಕ್ಕ ಹಾಕಿ. 22 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗ ಹಿಡಿಯುವುದು ಸುಮಾರು 19 ಗ್ರಾಂ ಆವಿ ಮಾತ್ರ, ಒತ್ತಡ ಎಷ್ಟೇ ಇರಲಿ. 8 ಬಾರ್‌ಗೆ ಒತ್ತಿದಾಗ (ಮೀಟರ್ ತೋರಿಸುವ 8ರ ಜೊತೆ ಹೊರಗಿನ ಗಾಳಿಯ ಒತ್ತಡ 1 ಸೇರಿ) ಹೊರಗಿನ ಒಂಬತ್ತು ಘನ ಮೀಟರ್ ಗಾಳಿ ಆ ಒಂದೇ ಘನ ಮೀಟರಿಗೆ ಸೇರುತ್ತದೆ. ಮಲೆನಾಡಿನ ಮಳೆಯಲ್ಲಿ ಗಾಳಿಯಲ್ಲಿ ತೇವ ತುಂಬಿರುತ್ತದೆ, ಹಾಗಾಗಿ ತಣ್ಣಗಾದ ಮೇಲೆ ಸುಮಾರು 150 ಗ್ರಾಂ ನೀರು ಬೇರೆಯಾಗಲೇಬೇಕು. ನಿಮ್ಮ ಟ್ಯಾಂಕ್ ಒಮ್ಮೆ ತುಂಬಿದರೆ ಮೂರು ಟೀ ಚಮಚದಷ್ಟು ನೀರು! ಅದು ಎಲ್ಲಿ ಬೀಳಬೇಕು ಅನ್ನುವುದನ್ನು ನೀವು ಹೇಳದಿದ್ದರೆ ಲ್ಯಾಕರ್ ಮೇಲೆ ಬೀಳುತ್ತದೆ.

ಮೊದಲು ಒಂದು ಪರೀಕ್ಷೆ. ಟ್ಯಾಂಕ್ ತುಂಬಿಸಿ, ಪೂರ್ತಿ ತಣ್ಣಗಾಗಲು ಬಿಡಿ, ಕೆಳಗಿನ ಡ್ರೈನ್ ತೆಗೆದು ನೀರು ಬಿಡಿ. ಗನ್‌ನಲ್ಲಿ ಬಣ್ಣ ಹಾಕದೆ ಕನ್ನಡಿಗೆ ಬರೀ ಗಾಳಿ ಹೊಡೆಯಿರಿ. ಆಮೇಲೆ ಕಂಪ್ರೆಸರ್ ಹದಿನೈದು ನಿಮಿಷ ಓಡಿದ ಮೇಲೆ ಮತ್ತೆ ಹೊಡೆಯಿರಿ. ಫಿಲ್ಟರನ್ನು ಕೈಯಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅದು ಇರಬೇಕಾದ ಜಾಗ ಅದಲ್ಲ.

ಪ್ರಶ್ನೆ ಕೇಳಿದವರು:
ಮಾಡಿ ನೋಡಿದೆ. ತಣ್ಣಗಿದ್ದಾಗ ಕನ್ನಡಿ ಒಣಗೇ ಇತ್ತು. ಓಡಿದ ಮೇಲೆ ಸಣ್ಣ ಸಣ್ಣ ಹನಿ ಬಂತು, ಫಿಲ್ಟರ್ ಚೆನ್ನಾಗೇ ಬಿಸಿ ಇತ್ತು. ಟ್ಯಾಂಕಿನಿಂದ ಕಂದು ನೀರು ಬಂತು. ಪೈಪ್ ಯಾವುದು ಹಾಕಲಿ? ಮನೆಯಲ್ಲಿ ಪಿವಿಸಿ ಉಳಿದಿದೆ.

ಉತ್ತರ (ಹಾಸನ):
ಪಿವಿಸಿ ಬೇಡವೇ ಬೇಡ. ಒತ್ತಿದ ಗಾಳಿ ತುಂಬಿರುವಾಗ ಅದು ಒಡೆದರೆ ಚೂರು ಚೂರಾಗಿ ಹಾರುತ್ತದೆ, ಕಣ್ಣು ಹೋಗುತ್ತದೆ. ತಾಮ್ರ ಅಥವಾ ಜಿಐ (ಸತು ಲೇಪಿಸಿದ ಕಬ್ಬಿಣ) ಹಾಕಿ. ಎಸಿ ರಿಪೇರಿ ಸಾಮಾನು ಸಿಗುವ ಅಂಗಡಿಯಲ್ಲಿ ಅರ್ಧ ಇಂಚಿನ ತಾಮ್ರದ ಪೈಪ್ ಕೇಳಿ. ಟ್ಯಾಂಕಿನಿಂದ ಒಂದು ತುಂಡು ಹೋಸ್, ಯಾಕೆಂದರೆ ಅದುರಿದರೆ ಗಟ್ಟಿ ಪೈಪಿನ ಜಾಯಿಂಟ್ ಬಿಡುತ್ತದೆ. ಅಲ್ಲಿಂದ ಗೋಡೆ ಮೇಲೆ ಎಂಟು ಹತ್ತು ಮೀಟರ್ ಪೈಪ್, ಮೇಲಿಂದ ಕೆಳಕ್ಕೆ ಅಂಕುಡೊಂಕಾಗಿ, ಎಲ್ಲೂ ನೀರು ನಿಲ್ಲದಂತೆ ಇಳಿಜಾರಾಗಿ. ಅತಿ ಕೆಳಗಿನ ತುದಿಯಲ್ಲಿ ಬಾಲ್ ವಾಲ್ವ್ ಹಾಕಿ, ನೀರು ಅಲ್ಲಿ ಸೇರಬೇಕು. ಗಾಳಿಯನ್ನು ಆ ತುದಿಯಿಂದ ತಗೊಳ್ಳಬೇಡಿ. ಸ್ವಲ್ಪ ಮೇಲೆ ಒಂದು ಟೀ (T ಆಕಾರದ ಜಾಯಿಂಟ್) ಹಾಕಿ, ಅದರ ಕವಲಿನ ಬಾಯಿ ಮೇಲ್ಮುಖವಾಗಿರಲಿ. ನಿಮ್ಮ ಫಿಲ್ಟರ್ ಅದರ ನಂತರ. ಅಂಕುಡೊಂಕಿನ ಬದಲು ಪೈಪನ್ನು ಸುರುಳಿ ಸುತ್ತುವುದಾದರೆ ನಿಲ್ಲಿಸಿದ ಸ್ಪ್ರಿಂಗ್ ತರಹ ಇಡಿ. ಮಲಗಿಸಿದರೆ ಪ್ರತಿ ಸುತ್ತಲ್ಲೂ ನೀರು ನಿಲ್ಲುತ್ತದೆ.

ಕಂದು ನೀರು ಅಂದರೆ ಒಳಗೆ ತುಕ್ಕು ಹಿಡಿದಿದೆ. ದಿನಾ ಕೆಲಸ ಮುಗಿದ ಮೇಲೆ ಡ್ರೈನ್ ತೆಗೆಯಿರಿ. ಟ್ಯಾಂಕ್ ಎಲ್ಲಾದರೂ ಸೋರಲು ಶುರುವಾದರೆ ವೆಲ್ಡ್ ಮಾಡಿಸಬೇಡಿ, ಬದಲಾಯಿಸಿ. ಇದನ್ನು ದಯವಿಟ್ಟು ಹಗುರವಾಗಿ ತಗೊಳ್ಳಬೇಡಿ.

ಉತ್ತರ (ಸಕಲೇಶಪುರ):
ಮೇಲಿನವರು ಹೇಳಿದ್ದು ಸರಿ. ಅದಾದ ಮೇಲೂ ಪೂರ್ತಿ ಒಣಗಿದ ಗಾಳಿ ಬೇಕು ಅಂದರೆ ಕೊನೆಯಲ್ಲಿ ಸಿಲಿಕಾ ಜೆಲ್ (ತೇವ ಹೀರುವ ಮಣಿಗಳು) ಹಾಕಿ, ಫಿಲ್ಟರ್ ಆದ ಮೇಲೆ. ಹನಿ ನೀರು ನೇರ ಬಿದ್ದರೆ ಮಣಿಗಳು ಸಿಡಿದು ಪುಡಿಯಾಗುತ್ತವೆ, ಆ ಪುಡಿ ಗನ್‌ಗೆ ಬರುತ್ತದೆ. ನೀಲಿ ಮಣಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಕಿತ್ತಳೆ ಬಣ್ಣದ್ದು ತಗೊಳ್ಳಿ. ಬಣ್ಣ ಬದಲಾದಾಗ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿದರೆ ಮತ್ತೆ ಬಳಸಬಹುದು, ಅಡುಗೆಯ ಓವನ್‌ನಲ್ಲಿ ಮಾತ್ರ ಬೇಡ.

ಆದರೆ ನಿಮ್ಮ ಬೆಳ್ಳನೆ ಮಂಜು ಇದ್ಯಾವುದರಿಂದಲೂ ಹೋಗುವುದಿಲ್ಲ! ಲೈನಿನ ನೀರಾದರೆ ಅಲ್ಲಲ್ಲಿ ಚುಕ್ಕಿ, ಗುಳ್ಳೆ ಬರುತ್ತದೆ. ಇಡೀ ಹಲಗೆ ಒಂದೇ ಸಮ ಬೆಳ್ಳಗಾದರೆ ಅದು ಶೆಡ್ಡಿನ ಗಾಳಿಯ ತೇವ. ಎನ್‌ಸಿ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಸುತ್ತಲಿನ ತೇವ ಹಸಿ ಲ್ಯಾಕರ್ ಮೇಲೆ ಕೂರುತ್ತದೆ. ಅದೇ ಲ್ಯಾಕರನ್ನು ಒಂದು ತುಂಡು ಮರಕ್ಕೆ ಬ್ರಷ್‌ನಲ್ಲಿ ಹಚ್ಚಿ ನೋಡಿ, ಅದೂ ಬೆಳ್ಳಗಾದರೆ ಕಂಪ್ರೆಸರ್‌ದೇನೂ ತಪ್ಪಿಲ್ಲ ಅಲ್ವಾ? ರಿಟಾರ್ಡರ್ ಥಿನ್ನರ್ (ನಿಧಾನವಾಗಿ ಆರುವ ಥಿನ್ನರ್) ಸ್ವಲ್ಪ ಬೆರೆಸಿ. ಜಾಸ್ತಿ ಹಾಕಿದರೆ ಒಣಗುವುದೇ ಇಲ್ಲ. ಈಗ ಆಗಿರುವ ಮಂಜಿನ ಮೇಲೆ ರಿಟಾರ್ಡರನ್ನೇ ತೆಳುವಾಗಿ ಹೊಡೆದರೆ ಎನ್‌ಸಿ ಮತ್ತೆ ಕರಗಿ ತಿಳಿಯಾಗುತ್ತದೆ, ಸುಮ್ನೆ ಉಜ್ಜಿ ತೆಗೆಯಲು ಹೋಗಬೇಡಿ. ಜಡಿಮಳೆ ಇರುವ ದಿನ ಹೊಡೆಯದಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ ಕೇಳಿದವರು:
ಬ್ರಷ್‌ನಲ್ಲಿ ಹಚ್ಚಿದ್ದೂ ಬೆಳ್ಳಗಾಯಿತು. ಹಾಗಾದರೆ ಎರಡೂ ಬೇರೆ ಬೇರೆ ಕಾಯಿಲೆ. ರಿಟಾರ್ಡರ್ ನಾಳೆ ತರುತ್ತೇನೆ, ಪೈಪ್ ಕೆಲಸ ಭಾನುವಾರ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಉತ್ತರ (ಹಾಸನ):
ಪೈಪ್ ಹಾಕಿದ ಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೊರೆ ಹಚ್ಚಿ ನೋಡಿ. ಗಾಳಿ ಸೋರಿದರೆ ಮೋಟಾರ್ ಮತ್ತೆ ಮತ್ತೆ ಓಡಿ ಟ್ಯಾಂಕ್ ತಣ್ಣಗಾಗುವುದೇ ಇಲ್ಲ. ಆ ಕನ್ನಡಿ ಪರೀಕ್ಷೆ ಮತ್ತೊಮ್ಮೆ ಮಾಡಿ ಹೇಗಾಯಿತು ಅಂತ ಇಲ್ಲೇ ಬರೆಯಿರಿ.