ವಲಯವಾರು ಹೊರಸೂಸುವಿಕೆ ಲೆಕ್ಕ: ಕಲ್ಲಿದ್ದಲಿನ ಮೊತ್ತ ದೇಶದ ಒಟ್ಟು ಪೂರೈಕೆಯನ್ನೇ ಮೀರುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 2019ನೇ ವರ್ಷಕ್ಕೆ ಭಾರತದ ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳು ಮತ್ತು ಪಿಎಂ 2.5 ಕಣಗಳ (2.5 ಮೈಕ್ರೋಮೀಟರಿಗಿಂತ ಸಣ್ಣ ಧೂಳಿನ ಕಣಗಳು) ವಲಯವಾರು ಲೆಕ್ಕಪಟ್ಟಿಯನ್ನು ಸಿದ್ಧಪಡಿಸುತ್ತಿದ್ದೇನೆ. ವಿದ್ಯುತ್ ಸ್ಥಾವರಗಳ ಕಲ್ಲಿದ್ದಲನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದ ವರದಿಯಿಂದ, ಕ್ಯಾಪ್ಟಿವ್ ಸ್ಥಾವರಗಳದ್ದನ್ನು (ಕಾರ್ಖಾನೆಗಳು ಸ್ವಂತ ಬಳಕೆಗೆ ಇಟ್ಟುಕೊಂಡ ವಿದ್ಯುತ್ ಸ್ಥಾವರಗಳು) ಸರ್ಕಾರದ ಕಲ್ಲಿದ್ದಲು ಅಂಕಿಅಂಶಗಳ ಪುಸ್ತಕವಾದ ಕೋಲ್ ಡೈರೆಕ್ಟರಿಯಿಂದ, ಕಾರ್ಖಾನೆಗಳದ್ದನ್ನು ವಾರ್ಷಿಕ ಕೈಗಾರಿಕಾ ಸಮೀಕ್ಷೆಯಿಂದ ತೆಗೆದುಕೊಂಡಿದ್ದೇನೆ. ಮೂರನ್ನೂ ಕೂಡಿದರೆ ಆ ವರ್ಷ ದೇಶಕ್ಕೆ ಪೂರೈಕೆಯಾದ ಕಲ್ಲಿದ್ದಲಿಗಿಂತ ಹೆಚ್ಚಾಗುತ್ತಿದೆ. ರಸ್ತೆ ಸಾರಿಗೆಯಲ್ಲಿಯೂ ಇದೇ ತೊಡಕು: ಸರ್ಕಾರದ ‘ವಾಹನ್’ ನೋಂದಣಿ ಪಟ್ಟಿಯ ವಾಹನಗಳ ಸಂಖ್ಯೆಯನ್ನು ಸರಾಸರಿ ಓಡಾಟದಿಂದ ಗುಣಿಸಿದಾಗ ಬರುವ ಇಂಧನ, ಬಂಕುಗಳಲ್ಲಿ ಮಾರಾಟವಾದದ್ದನ್ನು ಮೀರುತ್ತದೆ. ಹೊರಸೂಸುವಿಕೆ ಗುಣಾಂಕಗಳನ್ನು (ಒಂದು ಟನ್ ಇಂಧನಕ್ಕೆ ಎಷ್ಟು ಮಾಲಿನ್ಯ ಎಂಬ ಅಂಕಿಗಳು) ಬದಲಿಸಿ ನೋಡಬೇಕೇ?

ಉತ್ತರ 1

ಗುಣಾಂಕಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಇಂಧನದ ಜಮಾಖರ್ಚು ಹೊಂದುವ ಮೊದಲೇ ಗುಣಾಂಕಗಳನ್ನು ತಿದ್ದಿದರೆ, ಒಂದು ತಪ್ಪನ್ನು ಇನ್ನೊಂದು ತಪ್ಪು ಮುಚ್ಚಿಹಾಕುತ್ತದೆ. ಆಮೇಲೆ ಎರಡನ್ನೂ ಹುಡುಕುವುದು ಬಹಳ ಕಷ್ಟ. ದೇಶದಲ್ಲಿ ಸುಟ್ಟ ಪ್ರತಿ ಟನ್ ಕಲ್ಲಿದ್ದಲೂ ನಿಮ್ಮ ಪಟ್ಟಿಯಲ್ಲಿ ಒಂದೇ ಒಂದು ಸಲ ಬರಬೇಕು, ಅಷ್ಟೇ ಮೊದಲ ಪರೀಕ್ಷೆ.

ನೀವು ಕೊಟ್ಟ ಮೂಲಗಳನ್ನು ನೋಡಿದರೆ ದೋಷ ಕ್ಯಾಪ್ಟಿವ್ ಸ್ಥಾವರಗಳಲ್ಲಿರುವ ಸಾಧ್ಯತೆಯೇ ಹೆಚ್ಚು. ಅಲ್ಯೂಮಿನಿಯಂ, ಉಕ್ಕು, ಸಿಮೆಂಟ್ ಕಾರ್ಖಾನೆಗಳು ತಮ್ಮ ವಿದ್ಯುತ್ತಿಗಾಗಿ ಕೊಂಡ ಕಲ್ಲಿದ್ದಲನ್ನು ಕೈಗಾರಿಕಾ ಸಮೀಕ್ಷೆಯಲ್ಲಿಯೂ ತೋರಿಸುತ್ತವೆ, ಅದೇ ಕಲ್ಲಿದ್ದಲು ಕೋಲ್ ಡೈರೆಕ್ಟರಿಯ ಕ್ಯಾಪ್ಟಿವ್ ಸಾಲಿನಲ್ಲಿಯೂ ಬರುತ್ತದೆ. ಹೊರಸೂಸುವಿಕೆ ಲೆಕ್ಕಕ್ಕಾಗಿರುವ ಯುರೋಪಿನ ಇಎಂಇಪಿ/ಇಇಎ ಮಾರ್ಗದರ್ಶಿಯ ಪ್ರಕಾರ, ಸ್ವಂತ ಬಳಕೆಗೆ ವಿದ್ಯುತ್ ಉತ್ಪಾದಿಸುವ ಕಾರ್ಖಾನೆಯ ಹೊರಸೂಸುವಿಕೆ ಆಯಾ ಕೈಗಾರಿಕೆಯ ಲೆಕ್ಕಕ್ಕೇ ಸೇರಬೇಕು. ಆ ಪದ್ಧತಿಯನ್ನು ಅನುಸರಿಸುವುದಾದರೆ ಕ್ಯಾಪ್ಟಿವ್ ಸಾಲನ್ನು ವಿದ್ಯುತ್ ವಲಯದಿಂದ ತೆಗೆದುಬಿಡಿ.

ವರ್ಷದ ಗಡಿಯನ್ನೂ ಗಮನಿಸಿ. ನಮ್ಮ ಇಂಧನ ಅಂಕಿಅಂಶಗಳು ಬಹುಪಾಲು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಆರ್ಥಿಕ ವರ್ಷದವು. ಜಾಗತಿಕ ದತ್ತಾಂಶಗಳು ಜನವರಿಯಿಂದ ಡಿಸೆಂಬರ್‌ವರೆಗಿನವು. ಜೊತೆಗೆ ಆಮದು ಕಲ್ಲಿದ್ದಲನ್ನು ದೇಶೀಯ ಕಲ್ಲಿದ್ದಲಿನೊಡನೆ ಬರೀ ಟನ್ನುಗಳಲ್ಲಿ ಬೆರೆಸಬೇಡಿ, ಎರಡರ ಶಾಖಮೌಲ್ಯವೂ ಬೂದಿಯ ಪ್ರಮಾಣವೂ ಬಹಳ ಬೇರೆ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಕ್ಯಾಪ್ಟಿವ್ ಸಾಲನ್ನು ತೆಗೆದ ಮೇಲೆ ಮೊತ್ತ ಪೂರೈಕೆಯ ಮಿತಿಯೊಳಗೆ ಬಂದಿದೆ. ಈಗ ಸಲ್ಫರ್ ಡೈಆಕ್ಸೈಡ್ ಲೆಕ್ಕ ಇತರರ ಅಂದಾಜುಗಳಿಗೆ ಹತ್ತಿರವಿದೆ, ಆದರೆ ವಿದ್ಯುತ್ ಸ್ಥಾವರಗಳ ಕಣಗಳು ಮಾತ್ರ ಹಲವು ಪಟ್ಟು ಹೆಚ್ಚು ಬರುತ್ತಿವೆ. ಇಂಧನ ಒಂದೇ ಆಗಿರುವಾಗ ಇದು ಹೇಗೆ?

ಉತ್ತರ 1

ಎರಡರ ಸ್ವಭಾವವೇ ಬೇರೆ. ಶೇ. 0.5 ಗಂಧಕವಿರುವ ಒಂದು ಟನ್ ಕಲ್ಲಿದ್ದಲಿನಲ್ಲಿ 5 ಕೆ.ಜಿ. ಗಂಧಕವಿರುತ್ತದೆ, ಅದು ಪೂರ್ತಿ ಉರಿದರೆ 10 ಕೆ.ಜಿ. ಸಲ್ಫರ್ ಡೈಆಕ್ಸೈಡ್. ಬೂದಿಯಲ್ಲಿ ಉಳಿಯುವ ಅಲ್ಪ ಭಾಗವನ್ನು ಕಳೆದರೆ ಲೆಕ್ಕ ಮುಗಿಯಿತು, ಏಕೆಂದರೆ 2019ರಲ್ಲಿ ಗಂಧಕ ನಿವಾರಣಾ ಘಟಕಗಳಿದ್ದ ಸ್ಥಾವರಗಳು ಬೆರಳೆಣಿಕೆಯಷ್ಟು.

ಕಣಗಳ ವಿಷಯ ಹಾಗಲ್ಲ. ಶೇ. 40 ಬೂದಿಯಿರುವ ಒಂದು ಟನ್ ಕಲ್ಲಿದ್ದಲಿನಿಂದ, ಬೂದಿಯ ಶೇ. 80 ಭಾಗ ಹಾರುಬೂದಿಯಾದರೆ, 320 ಕೆ.ಜಿ. ಹಾರುಬೂದಿ ಚಿಮಣಿಯ ದಾರಿ ಹಿಡಿಯುತ್ತದೆ. ಅದನ್ನು ವಿದ್ಯುದಾವೇಶದಿಂದ ಹಿಡಿದು ತಡೆಯುವ ಇಎಸ್‌ಪಿ ಯಂತ್ರದ ದಕ್ಷತೆ ಶೇ. 99.9 ಎಂದು ಬರೆದರೆ ಹೊರಬೀಳುವುದು 0.32 ಕೆ.ಜಿ.; ಶೇ. 99 ಎಂದು ಬರೆದರೆ 3.2 ಕೆ.ಜಿ. ಕಾಗದದ ಮೇಲೆ ಒಂದಕ್ಕೂ ಕಡಿಮೆ ಶೇಕಡಾಂಶದ ವ್ಯತ್ಯಾಸ, ಗಾಳಿಯಲ್ಲಿ ಹತ್ತು ಪಟ್ಟು. ಆದ್ದರಿಂದ ಇಡೀ ದೇಶಕ್ಕೆ ಒಂದೇ ದಕ್ಷತೆಯನ್ನು ಹಾಕದೆ, ಘಟಕಗಳ ವಯಸ್ಸಿಗೆ ಅನುಗುಣವಾಗಿ ಬೇರೆ ಬೇರೆ ಹಾಕಿ. ಯಂತ್ರ ಅಳವಡಿಕೆಯಾಗಿರುವುದು ಬೇರೆ, ಅದು ವಿನ್ಯಾಸದಂತೆ ದಿನವೂ ಕೆಲಸ ಮಾಡುವುದು ಬೇರೆ ಎಂಬುದನ್ನು ಲೆಕ್ಕದಲ್ಲಿ ತೋರಿಸಲೇಬೇಕು. ಮೇಲಿನ ಅಂಕಿಗಳು ಒಟ್ಟು ಕಣಗಳವು, ಪಿಎಂ 2.5 ಅದರ ಒಂದು ಭಾಗ ಮಾತ್ರ. ಒಟ್ಟು ಕಣಗಳ ಮತ್ತು ಪಿಎಂ 2.5ರ ಗುಣಾಂಕಗಳು ಅದಲುಬದಲಾಗಿಲ್ಲವೆಂದು ಒಮ್ಮೆ ಖಚಿತಪಡಿಸಿಕೊಳ್ಳಿ.

ಉತ್ತರ 2

ಸಾರಿಗೆಯ ಬಗ್ಗೆ ನನ್ನದೊಂದು ಮಾತು. ‘ವಾಹನ್’ ನೋಂದಣಿಯ ಪಟ್ಟಿ. ಗುಜರಿಗೆ ಹೋದ, ಮೂಲೆ ಸೇರಿದ ಎಷ್ಟೋ ಗಾಡಿಗಳು ಅದರಲ್ಲಿ ಹಾಗೆಯೇ ಉಳಿದಿರುತ್ತವೆ. ವಯಸ್ಸಾದಂತೆ ಎಷ್ಟು ಪಾಲು ವಾಹನಗಳು ರಸ್ತೆಯಲ್ಲಿ ಉಳಿಯುತ್ತವೆ ಎಂಬ ಅಂದಾಜನ್ನು ಮೊದಲು ಅನ್ವಯಿಸಿ, ನಂತರ ಕಿಲೋಮೀಟರುಗಳನ್ನು ಮಾರಾಟವಾದ ಇಂಧನಕ್ಕೆ ಸರಿಹೊಂದಿಸಿ. ಆದರೆ ಬಂಕಿನ ಡೀಸೆಲ್ಲೆಲ್ಲ ರಸ್ತೆಯದ್ದಲ್ಲ: ಟ್ರ್ಯಾಕ್ಟರ್, ಪಂಪ್‌ಸೆಟ್, ಜನರೇಟರುಗಳಿಗೂ ಅಲ್ಲಿಂದಲೇ ಹೋಗುತ್ತದೆ. ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಅಂಕಿಅಂಶ ಘಟಕವಾದ ಪಿಪಿಎಸಿಗಾಗಿ ನೀಲ್ಸನ್ ಸಂಸ್ಥೆ ನಡೆಸಿ 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಸಾರಿಗೆಯಲ್ಲಿ ಬಳಕೆಯಾಗುವುದು ಡೀಸೆಲ್‌ನ ಶೇ. 70, ಪೆಟ್ರೋಲ್‌ನ ಶೇ. 99.6. ಇನ್ನು ನಿಮ್ಮ ವರ್ಷ 2019 ಆದ್ದರಿಂದ ಡೀಸೆಲ್‌ನ ಗಂಧಕಕ್ಕೆ ಭಾರತ್ ಸ್ಟೇಜ್ ಎಂಬ ವಾಹನ ಮಾಲಿನ್ಯ ಮಾನದಂಡದ ಆರನೇ ಹಂತವಾದ ಬಿಎಸ್-6ರ 10 ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಭಾಗ) ಮಿತಿಯನ್ನು ದೇಶಕ್ಕೆಲ್ಲ ಹಾಕುವಂತಿಲ್ಲ. ಅದು ದೇಶಾದ್ಯಂತ ಜಾರಿಗೆ ಬಂದದ್ದು 2020ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ಬಿಎಸ್-4ರ 50 ಪಿಪಿಎಂ ಇತ್ತು.

ನೀವು ಕೇಳದಿದ್ದರೂ ಮನೆಬಳಕೆಯ ಸಾಲನ್ನು ಎಚ್ಚರಿಕೆಯಿಂದ ನೋಡಬೇಕೆಂದು ಕೋರುತ್ತೇನೆ, ಏಕೆಂದರೆ ಪಿಎಂ 2.5ರ ಅತಿ ದೊಡ್ಡ ಪಾಲುಗಳಲ್ಲಿ ಅದೂ ಒಂದು. ಜನಗಣತಿ ಕೇಳುವುದು ಅಡುಗೆಗೆ ಮುಖ್ಯವಾಗಿ ಬಳಸುವ ಇಂಧನವನ್ನು ಮಾತ್ರ, 2011ರಲ್ಲಿ ಶೇ. 49ರಷ್ಟು ಕುಟುಂಬಗಳು ಸೌದೆ ಎಂದಿದ್ದವು. ನಮ್ಮ ಮಲೆನಾಡು, ಕರಾವಳಿಗಳಲ್ಲಿ ಅಡುಗೆಮನೆಗೆ ಗ್ಯಾಸ್ ಬಂದ ಮೇಲೂ ಬಚ್ಚಲಿನ ಹಂಡೆಯ ಕೆಳಗೆ ಸೌದೆ, ತೆಂಗಿನ ಗರಿ, ಅಡಿಕೆ ಹಾಳೆಗಳು ಉರಿಯುತ್ತಲೇ ಇವೆ. ಇಂತಹ ಮನೆ ಜನಗಣತಿಯಲ್ಲಿ ಗ್ಯಾಸ್ ಮನೆಯಾಗಿಯೇ ದಾಖಲಾಗುತ್ತದೆ. ಅಡುಗೆಯನ್ನೂ ನೀರು ಕಾಯಿಸುವುದನ್ನೂ ಎರಡು ಪ್ರತ್ಯೇಕ ಸಾಲುಗಳಾಗಿ ಇಡಿ, ಎರಡನೆಯದಕ್ಕೆ ಒಂದೇ ಸಂಖ್ಯೆಯ ಬದಲು ಕನಿಷ್ಠ ಮತ್ತು ಗರಿಷ್ಠ ಅಂದಾಜುಗಳನ್ನು ಕೊಡಿ.